ಏಳು ಕುರ್ಚಿ, ನಾಲ್ಕು ಸೀಸೆ

"ತುರಿಕೆ ಬಂತು ಕಣೇ ಪುಟ್ಟಿ," ಎಂದು ಅಕ್ಕ ತೋಳು ಚಾಚಿದಳು.

ಮೊಣಕೈಯಿಂದ ಭುಜದವರೆಗೆ ಕೆಂಪು ಕೆಂಪು ಗಂಧೆ ಎದ್ದಿದ್ದವು. ಬೇರೆ ಎಲ್ಲೇ ಆಗಲಿ, ಇಂಥ ತೋಳು ಕಂಡರೆ ಜನ ಅಯ್ಯೋ ಎನ್ನುತ್ತಾರೆ. ಈ ವಾರ್ಡಿನಲ್ಲಿ ಮಾತ್ರ ಒರಗುಕುರ್ಚಿಗಳಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ, ಹೊಸ ಒಡವೆ ನೋಡುವ ಹಾಗೆ ಆ ತೋಳನ್ನು ನೋಡಿದರು. ಆರನೇ ಕುರ್ಚಿಯ ಟೈಲರಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೇ ನೋಡಿದರು.

ಮೂರು ವಾರಕ್ಕೊಂದು ಮಂಗಳವಾರ ಇಲ್ಲಿ ಸೇರುವ ಏಳು ಜನರ ನಡುವೆ ಕುಶಲಪ್ರಶ್ನೆ ಎಂದರೆ ಇದೊಂದೇ: ತುರಿಕೆ ಬಂತಾ? ಅವರಿಗೆಲ್ಲ ಹಾಕುತ್ತಿದ್ದದ್ದು ಎಂಟು ತಿಂಗಳ ಕೆಳಗಷ್ಟೇ ಒಪ್ಪಿಗೆ ಸಿಕ್ಕಿದ ಕ್ಯಾನ್ಸರಿನ ಹೊಸ ಮದ್ದು. ಗಡ್ಡೆಯನ್ನು ತಾನಾಗಿ ಸುಡುವುದಿಲ್ಲ, ಮೈಯೊಳಗೆ ಮೈಮರೆತು ಕೂತಿರುವ ಕಾವಲಿನವರನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಎದ್ದ ಕಾವಲಿನವರು ಒಮ್ಮೊಮ್ಮೆ ಚರ್ಮದ ಮೇಲೂ ಕೈಮಾಡುತ್ತಾರೆ, ಆಗ ತುರಿಕೆ ಬರಬಹುದು, ಬರದೆಯೂ ಇರಬಹುದು ಎಂದಿದ್ದರು. ಆ ಕೊನೆಯ ತುಂಡು ಯಾರ ಕಿವಿಗೂ ಬಿದ್ದಿರಲಿಲ್ಲ. ತುರಿಕೆ ಬಂದವರಿಗೆ ಮದ್ದು ಹತ್ತಿತು, ಬಾರದವರಿಗೆ ದೇವರೇ ಗತಿ ಎಂದು ವಾರ್ಡು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡುಬಿಟ್ಟಿತ್ತು.

"ಟೀಚರಮ್ಮ, ನಿಮ್ಮದು ಪಾಸಾಯ್ತು," ಎಂದರು ಟೈಲರಣ್ಣ. ಆಮೇಲೆ ತಮ್ಮ ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ನಂದು ನೋಡಿ, ಇಸ್ತ್ರಿ ಹಾಕಿಟ್ಟ ಹಾಗಿದೆ."

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಗುವಾಗ ಅವಳು ಹೆಗಲ ಚೀಲವನ್ನು ಮೈಗೆ ಒತ್ತಿ ಹಿಡಿದುಕೊಂಡಿದ್ದಳು.

ಆಫೀಸಿನಲ್ಲಿ ಅವಳನ್ನು ಎಲ್ಲರೂ ಇನ್ಸ್‌ಪೆಕ್ಟರಮ್ಮ ಎನ್ನುತ್ತಾರೆ. ಔಷಧ ತಪಾಸಣೆಯ ಕೆಲಸ, ಹತ್ತೊಂಬತ್ತು ವರ್ಷದ ಸರ್ವಿಸು. ಎಷ್ಟೋ ಗೋದಾಮುಗಳಿಗೆ ಬೀಗ ಜಡಿದಿದ್ದಾಳೆ, ಎಷ್ಟೋ ದೊಡ್ಡವರ ಬೆದರಿಕೆ ಕೇಳಿ ಹೂಂ ಎಂದು ಫೋನು ಇಟ್ಟಿದ್ದಾಳೆ. ಈ ವಾರ್ಡಿನೊಳಗೆ ಮಾತ್ರ ಅವಳು ಟೀಚರಮ್ಮನ ತಂಗಿ, ಅಷ್ಟೇ. ಬೇರೆ ಗುರುತನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಅವಳ ಹೆಗಲ ಚೀಲದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೈಸೇರಿದ ಲ್ಯಾಬ್ ವರದಿ ಇತ್ತು.

ಹಿಂದಿನ ಸಲ ಮೂರನೇ ಕುರ್ಚಿಯ ಲೈಬ್ರರಿಯಮ್ಮ ಅವಳ ಕೈ ಹಿಡಿದುಕೊಂಡು, ನನಗೆ ಮಾತ್ರ ಯಾಕೆ ಏನೂ ಆಗ್ತಿಲ್ಲ ಎಂದು ಕೇಳಿದ್ದರು. ಆ ಮಾತು ತಲೆ ಕೊರೆದು, ಅವತ್ತು ಎಲ್ಲರೂ ಎದ್ದು ಹೋದ ಮೇಲೆ ಇನ್ಸ್‌ಪೆಕ್ಟರಮ್ಮ ಕಸದ ಡಬ್ಬಿಯಿಂದ ಮೂರು ಖಾಲಿ ಡ್ರಿಪ್ ಬಾಟಲಿಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗಿದ್ದಳು. ಲೈಬ್ರರಿಯಮ್ಮನದು, ಟೈಲರಣ್ಣನದು, ಐದನೇ ಕುರ್ಚಿಯ ಗಾರೆ ಮೇಸ್ತ್ರಿಯದು. ಲ್ಯಾಬಿನವರು ತಳದ ಹನಿಗಳನ್ನು ಪರೀಕ್ಷೆ ಮಾಡಿ ಮುಗಿಸುವ ಹೊತ್ತಿಗೆ ಲೈಬ್ರರಿಯಮ್ಮ ತೀರಿಕೊಂಡು ಹತ್ತು ದಿನವಾಗಿತ್ತು.

ಮದ್ದು ಅಸಲಿಯೇ ಎಂದಿತ್ತು ವರದಿ. ಆದರೆ ಒಬ್ಬೊಬ್ಬರಿಗೆ ಎರಡೆರಡು ಸೀಸೆ ಹೋಗಬೇಕಾದ ಕಡೆ, ಹೋಗಿದ್ದು ಒಂದು ಸೀಸೆಯ ಮೂರನೇ ಒಂದು ಪಾಲು. ಮೂವರಿಗೂ ಅಷ್ಟೇ, ಅಳೆದು ಹಾಕಿದಂತೆ ಅಷ್ಟಷ್ಟೇ. ಮಿಕ್ಕಿದ್ದೆಲ್ಲ ಉಪ್ಪುನೀರು.

ಅಕ್ಕನ ಬಾಟಲಿಯನ್ನು ಮಾತ್ರ ಅವಳು ಅವತ್ತು ಮುಟ್ಟಿರಲಿಲ್ಲ. ಕೈ ಹೋಗಿತ್ತು, ಹೋಗಿ ಹಿಂದಕ್ಕೆ ಬಂದಿತ್ತು. ಅದರೊಳಗೆ ಏನಿತ್ತೆಂದು ತಿಳಿದುಬಿಟ್ಟರೆ ಆಮೇಲೆ ಅಕ್ಕನ ಮುಖವನ್ನು ಹೇಗೆ ನೋಡುವುದು ಎಂಬ ಭಯ. ಹತ್ತೊಂಬತ್ತು ವರ್ಷದಲ್ಲಿ ಅವಳು ಎತ್ತದೆ ಬಿಟ್ಟ ಸ್ಯಾಂಪಲ್ ಅದೊಂದೇ.

ಹತ್ತೂಕಾಲಿಗೆ ಡಾಕ್ಟರು ಬಂದರು. ಮಾಸ್ಕಿನ ಮೇಲಿನ ಕಣ್ಣುಗಳಲ್ಲೇ ಏನೋ ಇತ್ತು. ಕೈಯಲ್ಲಿದ್ದ ಸ್ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು, ಟೀಚರಮ್ಮನ ಶ್ವಾಸಕೋಶದ ಗಡ್ಡೆ ನಾಲ್ಕು ಸಲದ ಮದ್ದಿಗೆ ಅರ್ಧಕ್ಕಿಳಿದಿದೆ ಎಂದರು. ಇನ್ನು ನಾಲ್ಕು ಸಲ, ಒಂದೂ ತಪ್ಪಬಾರದು, ಒಂದು ಹನಿಯೂ ಕಡಿಮೆಯಾಗಬಾರದು ಎಂದೂ ಹೇಳಿದರು.

ಅಕ್ಕ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು, ಬೆರಳು ಮಡಚಿ ನಾಲ್ಕು ಸಲ ಎಂದರೆ ಎಷ್ಟು ವಾರ ಎಂದು ಲೆಕ್ಕ ಹಾಕಿದಳು. ಆಮೇಲೆ ತಂಗಿಯ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತಳು.

ವಾರ್ಡಿಗೆ ವಾರ್ಡೇ ಅತ್ತಿತು. ಗಾರೆ ಮೇಸ್ತ್ರಿ ಮೂಗು ಒರೆಸಿಕೊಂಡ. ಲೈಬ್ರರಿಯಮ್ಮನ ಜಾಗಕ್ಕೆ ಇವತ್ತೇ ಹೊಸದಾಗಿ ಬಂದಿದ್ದ ಬಸ್ ಕಂಡಕ್ಟರ್ ಹೆಂಗಸು, ಮೂವತ್ತರ ಆಸುಪಾಸಿನವಳು, ಡ್ರಿಪ್ಪಿಗೆ ಸೂಜಿ ಚುಚ್ಚಿಟ್ಟ ಕೈಯನ್ನು ಎದೆಗೆ ಅವುಚಿಕೊಂಡು, ಹಾಗಾದ್ರೆ ನನಗೂ ಆಗುತ್ತೆ ಅಲ್ವಾ, ನನ್ನ ಮಗಳಿಗಿನ್ನೂ ನಾಲ್ಕು ವರ್ಷ ಎಂದು ಯಾರನ್ನೂ ನೋಡದೆ ಹೇಳಿದಳು. ಆಗುತ್ತೆ, ಯಾಕಾಗಲ್ಲ, ಟೀಚರಮ್ಮಂಗೆ ಆಗ್ಲಿಲ್ವಾ ಎಂದು ನಾಲ್ಕು ಬಾಯಿಂದ ಒಟ್ಟಿಗೆ ಉತ್ತರ ಬಂತು.

ಇನ್ಸ್‌ಪೆಕ್ಟರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಅಷ್ಟು ತೆಳು ಮದ್ದಿಗೇ ಅಕ್ಕ ಗೆದ್ದಳಲ್ಲ ಎಂದುಕೊಂಡಳು. ಬೇರೆ ಯಾರದಾದರೂ ಅಕ್ಕ ಆಗಿದ್ದಿದ್ದರೆ ಅಲ್ಲೇ, ನಿಂತ ನಿಲುವಿನಲ್ಲೇ ಅವಳ ಬುದ್ಧಿ ಓಡುತ್ತಿತ್ತು. ಸಂತೋಷ ಬಂದು ಬುದ್ಧಿಯ ಕಣ್ಣು ಮುಚ್ಚಿ ಹಿಡಿದುಕೊಂಡಿತು.

ಸಂತೋಷದ ಹಿಂದೆಯೇ ಭಯ ಮತ್ತೆ ಒದ್ದುಕೊಂಡು ಬಂತು. ಹನ್ನೊಂದಕ್ಕೆ ಮದ್ದು ಬೆರೆಸುವ ಕೋಣೆಯಿಂದ ಇವತ್ತಿನ ಬಾಟಲಿಗಳು ಹೊರಬರುತ್ತವೆ. ಅಷ್ಟರೊಳಗೆ ಮದ್ದು ತೆಳು ಮಾಡುತ್ತಿರುವವರು ಯಾರು ಎಂದು ತಿಳಿಯಬೇಕು.

ಬೆಳಿಗ್ಗೆಯಿಂದ ಅವಳು ಸುಮ್ಮನೆ ಕೂತಿರಲಿಲ್ಲ. ಮೊದಲು ಅವಳಿಗೆ ಅನುಮಾನ ಇದ್ದದ್ದು ಐಸ್ ಪೆಟ್ಟಿಗೆ ತರುವ ವ್ಯಾನಿನವನ ಮೇಲೆ. ಆದರೆ ಸೀಸೆಗಳ ಮುಚ್ಚಳ, ಸೀಲು, ಲೇಬಲ್ಲು ಎಲ್ಲ ಕಂಪನಿಯವೇ, ಎಲ್ಲೂ ಉಗುರು ತಾಗಿಸಿದ ಗುರುತಿಲ್ಲ. ಆಮೇಲೆ ದೊಡ್ಡ ಸಿಸ್ಟರ್. ಆಕೆ ಬಾಯಿಬಡುಕಿ, ಎಲ್ಲರ ಮೇಲೂ ರೇಗುತ್ತಾಳೆ, ಆದರೆ ಆಕೆಯ ಕೈಗೆ ಬರುವುದು ಬೆರೆಸಿ ಮುಗಿಸಿದ ಬಾಟಲಿ. ನೇತುಹಾಕುವುದಷ್ಟೇ ಆಕೆಯ ಕೆಲಸ. ಡಾಕ್ಟರಂತೂ ಸೀಸೆಯ ಮುಖವನ್ನೇ ನೋಡುವುದಿಲ್ಲ, ಚೀಟಿ ಬರೆದು ಕೆಳಗಿನ ಮಹಡಿಗೆ ಇಳಿದುಬಿಡುತ್ತಾರೆ.

ಇನ್ನೊಂದು ವಿಷಯ ಅವಳು ಸ್ಟೋರಿನ ಮೇಜಿನ ಮುಂದೆ ಪೆನ್ನು ಬೀಳಿಸಿಕೊಂಡು, ಎತ್ತಿಕೊಳ್ಳುವ ನೆಪದಲ್ಲಿ ಓದಿಕೊಂಡು ಬಂದಿದ್ದಳು. ಏಳು ಜನರಿಗೆ ಹದಿನಾಲ್ಕು ಸೀಸೆ ಬೇಕು ಎನ್ನುವುದು ವಾರ್ಡಿನ ಪಟ್ಟಿ. ಸ್ಟೋರಿನ ಚೀಟಿಯಲ್ಲಿ ಮದ್ದು ಬೆರೆಸುವ ಕೋಣೆಗೆ ಕೊಟ್ಟದ್ದು ನಾಲ್ಕು. ಇವತ್ತೂ ನಾಲ್ಕು, ಹಿಂದಿನ ಸಲವೂ ನಾಲ್ಕು. ಎರಡು ಕಾಗದ ಎರಡು ಮಹಡಿಯವು, ಒಂದನ್ನೊಂದು ಎಂದೂ ಭೇಟಿಯಾದವಲ್ಲ. ಎರಡನ್ನೂ ನೋಡುವ ಮನುಷ್ಯ ಈ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು.

ಹನಿರಾಯರು.

ಅದು ರೋಗಿಗಳೇ ಇಟ್ಟ ಹೆಸರು. ಗಾಜಿನ ಕೋಣೆಯಲ್ಲಿ ಮದ್ದು ಬೆರೆಸುವ ಫಾರ್ಮಸಿಸ್ಟು. ಸೀಸೆಯನ್ನು ತಲೆಕೆಳಗೆ ಮಾಡಿ, ಬೆರಳಿಂದ ತಟ್ಟಿ, ಕೊನೆಯ ಹನಿ ಸಿರಿಂಜಿಗೆ ಇಳಿಯುವವರೆಗೆ ಉಸಿರು ಬಿಗಿಹಿಡಿದು ಕಾಯುವವರು. ಒಬ್ಬರ ಸೀಸೆಯಲ್ಲಿ ಮಿಕ್ಕ ಹನಿಯನ್ನು ಇನ್ನೊಬ್ಬರಿಗೆ ಜೋಡಿಸುವುದು ಇಂಥ ಕೋಣೆಗಳಲ್ಲಿ ಇರುವ ಪದ್ಧತಿಯೇ. ಅದಕ್ಕೆಂದೇ ಒಂದೇ ಮದ್ದಿನವರನ್ನು ಒಂದೇ ದಿನ ಕರೆಸುತ್ತಾರೆ. ಹನಿರಾಯರ ಕೈಯಲ್ಲಿ ಒಂದು ತೊಟ್ಟೂ ಪೋಲಾಗುವುದಿಲ್ಲ ಎಂದು ಟೈಲರಣ್ಣ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು.

ಅವಳು ಗೌನು, ಟೋಪಿ, ಎರಡೆರಡು ಜೊತೆ ಗ್ಲೌಸು ಹಾಕಿಕೊಂಡು ಒಳಗೆ ಹೋದಾಗ ಹತ್ತೂ ಮುಕ್ಕಾಲು. ಕೋಣೆಯಲ್ಲಿ ಗಾಳಿ ಯಂತ್ರದ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸ್ಟೀಲಿನ ತಟ್ಟೆಯಲ್ಲಿ ನಾಲ್ಕು ಸೀಸೆ, ಹೆಬ್ಬೆರಳಿನಷ್ಟು ಎತ್ತರದವು. ಪಕ್ಕದಲ್ಲಿ ಏಳು ಉಪ್ಪುನೀರಿನ ಬಾಟಲಿ, ಒಂದೊಂದರ ಮೇಲೂ ಕುರ್ಚಿಯ ನಂಬರು.

ಗುರುತಿನ ಕಾರ್ಡು ತೆಗೆದು ಮುಂದೆ ಹಿಡಿದಳು. ಹನಿರಾಯರು ಅದರ ಕಡೆ ನೋಡಲೇ ಇಲ್ಲ.

"ಬಾಗಿಲು ಪೂರ್ತಿ ಹಾಕ್ಕೊಳ್ಳಿ ಮೇಡಂ. ಹೊರಗಿನ ಗಾಳಿ ಬರುತ್ತೆ," ಎಂದರು.

ಹೆದರಿದವರನ್ನು ಅವಳು ನೋಡಿದ್ದಳು, ಕೂಗಾಡಿದವರನ್ನು ನೋಡಿದ್ದಳು. ಹೀಗೆ ಕಾದು ಕೂತಿದ್ದವರನ್ನು ನೋಡಿರಲಿಲ್ಲ.

"ಏಳು ಜನ, ನಾಲ್ಕು ಸೀಸೆ. ಎಷ್ಟು ದಿನದಿಂದ ನಡೀತಿದೆ ರಾಯರೇ?"

"ಇವತ್ತಿಗೆ ಐದನೇ ಸಲ."

ಅವರು ಎಲ್ಲವನ್ನೂ ಹೇಳಿದರು, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ಮೊದಲ ಸಲ ಪೆಟ್ಟಿಗೆ ಬರುವುದು ತಡವಾಗಿ ನಾಲ್ಕೇ ಸೀಸೆ ಸಿಕ್ಕಿತ್ತಂತೆ. ಇದೊಂದು ಸಲ ಹೇಗೋ ಸರಿದೂಗಿಸಿದರೆ ಮುಂದಿನ ಸಲ ಪೂರ್ತಿ ಬರುತ್ತದೆ ಎಂದು ನಂಬಿದ್ದರಂತೆ. ಮುಂದಿನ ಸಲವೂ ನಾಲ್ಕೇ ಬಂದಿತ್ತು. ಮದ್ದು ಹೊಸದು, ಎಲ್ಲ ಊರಿನವರೂ ಕೇಳುತ್ತಿದ್ದಾರೆ, ಕಾಯಿರಿ ಎಂದು ಕಂಪನಿ ಹೇಳಿತ್ತು. ಇತ್ತ ಡಾಕ್ಟರ ಪಟ್ಟಿ ಹಾಗೇ ಇತ್ತು. ಇಷ್ಟೇ ಇರುವುದು ಎಂದು ಹೇಳಬೇಕಾದ ಬಾಯಿ ಇವರದು. ಇವರು ಹೇಳಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಐದು ಜನನ್ನ ಮನೆಗೆ ಕಳಿಸ್ತಾರೆ. ಆ ಐದು ಜನ ಆ ಕಿಟಕಿ ಹತ್ರ ಬಂದು ನನ್ನ ಮುಖ ನೋಡ್ತಾ ನಿಲ್ತಾರೆ ಮೇಡಂ. ಯಾರಿಗೆ ಇಲ್ಲ ಅನ್ಲಿ? ಎಲ್ಲರಿಗೂ ಒಂಚೂರು ಹೋಗ್ಲಿ, ಒಂಚೂರಾದ್ರೂ ಕೆಲಸ ಮಾಡುತ್ತೆ ಅಂದ್ಕೊಂಡೆ."

"ಲೈಬ್ರರಿಯಮ್ಮ ಹೋದ ಮೇಲೂ ಹಾಗೇ ಅಂದ್ಕೊಂಡ್ರಾ?"

ಹನಿರಾಯರು ತಲೆ ತಗ್ಗಿಸಿದರು. ಮಾಸ್ಕಿನ ಅಂಚು ಒದ್ದೆಯಾಗುತ್ತಿರುವುದು ಕಾಣಿಸಿತು.

ಅವಳಿಗೆ ಅವರನ್ನು ಹೊಡೆಯಬೇಕೆನಿಸಿತು. ಪಕ್ಕದಲ್ಲಿ ಕೂತು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ, ಚೀಲದಿಂದ ವರದಿ ತೆಗೆದು ತಟ್ಟೆಯ ಪಕ್ಕದಲ್ಲಿ ಬಿಚ್ಚಿಟ್ಟಳು. ಇಟ್ಟವಳು ಅದರ ಮೇಲೆಯೇ ಕಣ್ಣು ನೆಟ್ಟು ನಿಂತುಬಿಟ್ಟಳು.

ಏನೋ ಕೂಡುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅಕ್ಕ ಕಡಲೆಬೀಜ ಹರಡಿ ಭಿನ್ನರಾಶಿ ಕಲಿಸಿದ್ದು ಅವಳಿಗೆ. ನಾಲ್ಕು ಸೀಸೆಯನ್ನು ಏಳು ಜನಕ್ಕೆ ಸಮವಾಗಿ ಹಂಚಿದರೆ ಒಬ್ಬೊಬ್ಬರಿಗೆ ಅರ್ಧ ಸೀಸೆಗಿಂತ ಸ್ವಲ್ಪ ಹೆಚ್ಚೇ ಸಿಗಬೇಕು. ವರದಿಯಲ್ಲಿರುವುದು ಮೂರನೇ ಒಂದು ಪಾಲು. ಏಳು ಜನಕ್ಕೂ ಮೂರನೇ ಒಂದರಂತೆ ಹಾಕಿದರೂ ಖರ್ಚಾಗುವುದು ಎರಡು ಸೀಸೆ, ಮೇಲೊಂದು ಚೂರು.

"ಮಿಕ್ಕ ಮದ್ದು ಎಲ್ಲಿ ರಾಯರೇ?"

ಹನಿರಾಯರು ಮೊದಲ ಬಾರಿಗೆ ಬೆಚ್ಚಿದರು.

"ಅದು ಬೇಡ ಮೇಡಂ. ನಾನು ಮಾಡಿದ್ದು ತಪ್ಪು, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅದನ್ನ ಮಾತ್ರ ಕೇಳ್ಬೇಡಿ."

"ಯಾರಿಗೆ ಮಾರಿದ್ರಿ?"

ಅವರ ಕಣ್ಣು ಕೆಂಪಾಯಿತು. ಇಪ್ಪತ್ತಾರು ವರ್ಷದಲ್ಲಿ ಒಂದು ಹನಿಯೂ ಈ ಬಾಗಿಲು ದಾಟಿ ಹೋಗಿಲ್ಲ ಎಂದರು. ಆ ಮಾತು ಸುಳ್ಳಲ್ಲ ಎಂದು ಅವಳಿಗೆ ಕೇಳಿದ ಕೂಡಲೇ ಗೊತ್ತಾಯಿತು. ಸುಳ್ಳು ಹೇಳುವವರ ಧ್ವನಿಯನ್ನು ಕೇಳಿ ಕೇಳಿಯೇ ಅವಳ ತಲೆಕೂದಲು ನೆರೆತದ್ದು.

"ಹಾಗಾದ್ರೆ ಈ ವಾರ್ಡಲ್ಲೇ ಒಬ್ಬರಿಗೆ ಪೂರ್ತಿ ಹೋಗ್ತಿದೆ. ಒಬ್ಬರಿಗೆ ಎರಡು ಸೀಸೆ. ಮಿಕ್ಕ ಎರಡರಲ್ಲಿ ಆರು ಜನ. ಯಾರು ಆ ಒಬ್ಬರು?"

ಹನಿರಾಯರ ನೋಟ ಅವಳ ಭುಜದ ಮೇಲಿಂದ ಹಾದು ಗಾಜಿನ ಆಚೆಗೆ ಹೋಯಿತು. ಅವಳೂ ತಿರುಗಿದಳು.

ವಾರ್ಡಿನಲ್ಲಿ ಅಕ್ಕ ತನ್ನ ಕುರ್ಚಿಯಿಂದ ಎದ್ದು ಕಂಡಕ್ಟರ್ ಹೆಂಗಸಿನ ಪಕ್ಕ ಹೋಗಿ ಕೂತಿದ್ದಳು. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಆ ಗಂಧೆಗಳನ್ನು ತೋರಿಸುತ್ತಿದ್ದಳು. ಆ ಹೆಂಗಸು ಅದನ್ನು ಒಂದೇ ಬೆರಳಿನಿಂದ, ಮೆಲ್ಲಗೆ, ಮುಟ್ಟಿ ನೋಡುತ್ತಿದ್ದಳು.

ಆ ಒಬ್ಬರು ಯಾರೆಂದು ಇನ್ಸ್‌ಪೆಕ್ಟರಮ್ಮನಿಗೆ ತಿಳಿಯಿತು.

"ಹನ್ನೊಂದು ವರ್ಷದ ಕೆಳಗೆ ನಮ್ಮ ತಮ್ಮನ ಔಷಧಿ ಅಂಗಡಿಗೆ ಬೀಗ ಹಾಕಿದ್ದು ನೀವೇ ಮೇಡಂ," ಎಂದರು ಹನಿರಾಯರು. "ಅವತ್ತು ನಾನು ಅಲ್ಲೇ ಮೂಲೇಲಿ ನಿಂತಿದ್ದೆ. ಮೊದಲನೇ ಮಂಗಳವಾರ ನೀವು ಟೀಚರಮ್ಮನ ಕೈ ಹಿಡ್ಕೊಂಡು ಬಂದ್ರಲ್ಲ, ಆಗ್ಲೇ ಗುರುತು ಸಿಕ್ತು. ಇವರು ಯಾವತ್ತಾದ್ರೂ ಬಾಟಲಿ ತಗೊಂಡು ಹೋದ್ರೆ ಅಕ್ಕಂದೇ ಮೊದಲು ತಗೊಂಡು ಹೋಗ್ತಾರೆ ಅಂತ ಅನ್ನಿಸ್ತು. ಅದನ್ನ ತೆಳು ಮಾಡೋಕೆ ಧೈರ್ಯ ಬರ್ಲಿಲ್ಲ."

ಅವಳು ತಾನು ಇಲ್ಲಿ ಟೀಚರಮ್ಮನ ತಂಗಿ ಮಾತ್ರ ಎಂದುಕೊಂಡಿದ್ದಳು. ಇವರು ಮೊದಲ ದಿನದಿಂದ ಅವಳನ್ನು ಕಂಡರೆ ಹೆದರಿ ಸಾಯುತ್ತಿದ್ದರು, ಆ ಹೆದರಿಕೆಯನ್ನೇ ಸಿರಿಂಜಿಗೆ ತುಂಬಿ ಅಕ್ಕನಿಗೆ ಕೊಡುತ್ತಿದ್ದರು. ಅಕ್ಕನ ಗಡ್ಡೆ ಅರ್ಧಕ್ಕಿಳಿದದ್ದು ಹಾಗೆ. ಲೈಬ್ರರಿಯಮ್ಮ ಕೈ ಹಿಡಿದುಕೊಂಡು ಕೇಳಿದ ಪ್ರಶ್ನೆಗೆ ಉತ್ತರ, ಆ ಹೊತ್ತಿನಲ್ಲಿ ಅವರು ಯಾರ ಕೈ ಹಿಡಿದಿದ್ದರೋ ಅವಳೇ ಆಗಿದ್ದಳು.

ಅಕ್ಕನಿಗೆ ಇದು ತಿಳಿದರೆ? ಹೋಂವರ್ಕು ನಕಲು ಮಾಡಿದ ಮಕ್ಕಳನ್ನೂ ಕ್ಷಮಿಸದವಳು ಅಕ್ಕ. ತಿಳಿದ ಗಳಿಗೆಯಲ್ಲಿ ಅವಳು ಕುರ್ಚಿ ಬಿಟ್ಟು ಎದ್ದು ಮನೆಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ.

ಚೀಲದಲ್ಲಿ ಅರಗು ಇತ್ತು, ಲಕೋಟೆ ಇತ್ತು, ಸರ್ಕಾರದ ಮೊಹರು ಇತ್ತು. ಕಾನೂನಿನಂತೆ ಈ ಕ್ಷಣ ನಾಲ್ಕೂ ಸೀಸೆಯನ್ನು ಮುಟ್ಟುಗೋಲು ಹಾಕಬೇಕು. ಸಾಕ್ಷಿ ಎಂದು ಸೀಲ್ ಮಾಡಿದ ಸೀಸೆಯನ್ನು ಮತ್ತೆ ಯಾರೂ ಒಡೆಯುವಂತಿಲ್ಲ. ಹಾಗೆ ಮಾಡಿದರೆ ಇವತ್ತು ಏಳು ಜನಕ್ಕೂ ಇಲ್ಲ, ಅಕ್ಕನಿಗೂ ಇಲ್ಲ. ಒಂದು ಹನಿಯೂ ಕಡಿಮೆಯಾಗಬಾರದು ಎಂದು ಡಾಕ್ಟರು ಹೇಳಿ ಇನ್ನೂ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಸಮವಾಗಿ ಹಂಚಿಸಿದರೆ ಅಕ್ಕನಿಗೂ ಅರ್ಧ ಸೀಸೆ, ಯಾರಿಗೂ ಸಾಲದ ಅರ್ಧ ಸೀಸೆ. ಪೂರ್ತಿ ಪೂರ್ತಿ ಕೊಟ್ಟರೆ ಇಬ್ಬರಿಗೆ ಮಾತ್ರ. ಆ ಇಬ್ಬರು ಯಾರೆಂದು ಯಾರು ಹೇಳುವುದು?

ಗೋಡೆಯ ಸಣ್ಣ ಕಿಟಕಿಯನ್ನು ಯಾರೋ ಬೆರಳಿನಿಂದ ತಟ್ಟಿದರು. ದೊಡ್ಡ ಸಿಸ್ಟರಿನ ಧ್ವನಿ, ಎಂದಿನ ಸಿಡುಕಿನಲ್ಲಿ.

"ರಾಯರೇ, ಗಂಟೆ ಹನ್ನೊಂದಾಯ್ತು. ಮೊದಲು ಟೀಚರಮ್ಮಂದು ಕೊಡಿ."

ಹನಿರಾಯರು ಸಿರಿಂಜು ಎತ್ತಿಕೊಂಡರು. ಇನ್ನೊಂದು ಕೈಯಲ್ಲಿ ಒಂದು ಸೀಸೆ. ಅವರು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಐದು ಸಲ ಒಬ್ಬರೇ ಹೊತ್ತಿದ್ದನ್ನು ಕೆಳಗಿಳಿಸಲು ಕೊನೆಗೂ ಒಂದು ಜಾಗ ಸಿಕ್ಕಿದವರ ಹಾಗೆ ಕಂಡರು.

"ಈಗ ನಿಮಗೂ ಗೊತ್ತಾಯ್ತಲ್ಲ ಮೇಡಂ," ಎಂದರು. "ಹೇಳಿ. ಅಕ್ಕಂಗೆ ಎಷ್ಟು ಹಾಕ್ಲಿ?"

ಉತ್ತರ ಅವಳ ನಾಲಿಗೆಯ ತುದಿಗೆ ಆಗಲೇ ಬಂದು ನಿಂತಿತ್ತು. ಅದು ಎಷ್ಟು ಬೇಗ ಬಂತೆಂದು ನೋಡಿ, ಹೊರಗೆ ಕೂತ ಏಳು ಜನರಿಗಾಗಿ ಆಗದಷ್ಟು ಭಯ ಅವಳಿಗೆ ತನ್ನನ್ನೇ ಕಂಡು ಆಯಿತು.